ಇಲಿ ಬಿದ್ದ ಮೇಲೆ: ಪ್ಲೇಗು, ಮಾರಮ್ಮ ಮತ್ತು ಮತ್ತೆ ಕೂಡಿದ ಊರು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಬೇರೆ ವಿವರಣೆ ಬೇಕಿರಲಿಲ್ಲ. ಅಟ್ಟದಿಂದಲೋ ಸೂರಿನ ಸಂದಿಯಿಂದಲೋ ಸತ್ತ ಇಲಿಯೊಂದು ನಡುಮನೆಗೆ ಬಿದ್ದರೆ ಆ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು. ಮೂರು ನಾಲ್ಕು ಮನೆಗಳಲ್ಲಿ ಬಿದ್ದರೆ ಊರಿಗೆ ಊರೇ ಹೊರಡುತ್ತಿತ್ತು. ತೋಪಿನಲ್ಲೋ ಹೊಲದ ಅಂಚಿನಲ್ಲೋ ತೆಂಗಿನ ಗರಿ, ಜೋಳದ ದಂಟು, ಹುಲ್ಲು ಹೊದಿಸಿದ ಗುಡಿಸಲು ಹಾಕಿಕೊಂಡು, ಕಾಯಿಲೆ ಅಡಗುವವರೆಗೆ ಜನ ಅಲ್ಲೇ ಬದುಕುತ್ತಿದ್ದರು. ಚಿಗಟದ ಪಾತ್ರವನ್ನು ವೈದ್ಯಲೋಕ ಒಪ್ಪುವುದಕ್ಕೆ ಮೊದಲೇ ಭಾರತದ ಹಲವು ಕಡೆ ಜನ ಸತ್ತ ಇಲಿಯನ್ನು ನೋಡಿ ಊರು ಬಿಡುವುದನ್ನು ಕಲಿತಿದ್ದರು. ಬಿಟ್ಟ ಊರಿಗೆ ಮರಳಿ ಬರುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಹೊರಟಾಗ ಇದ್ದಷ್ಟು ಜನ ಹಿಂದಿರುಗುವಾಗ ಇರುತ್ತಿರಲಿಲ್ಲ. ಉಳಿದವರ ನಡುವೆಯೂ ಯಾರು ಯಾರ ಮನೆಗೆ ಹೋಗಲಿಲ್ಲ, ಯಾರು ಯಾರ ಹೆಣಕ್ಕೆ ಹೆಗಲು ಕೊಡಲಿಲ್ಲ ಎಂಬ ಲೆಕ್ಕ ಬೆಳೆದಿರುತ್ತಿತ್ತು. ಹೀಗೆ ಒಡೆದ ಊರು ಮತ್ತೆ ಊರಾದದ್ದು ಹೆಚ್ಚಿನ ಕಡೆ ಒಂದು ದೇವತೆಯ ಸುತ್ತ. ಕೆಲವೆಡೆ ಆಕೆಗೆ ಕಾಯಿಲೆಯ ಹೆಸರೇ ಬಂತು: ಪ್ಲೇಗಮ್ಮ, ಪ್ಲೇಗಿನ ಮಾರಮ್ಮ, ಪ್ಲೇಗ್ ಮಾರಿಯಮ್ಮ.

ಈ ಪ್ಲೇಗು ದೂರದಿಂದ ಬಂದದ್ದು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದಾಗ ಅಲೆಕ್ಸಾಂಡರ್ ಯೆರ್ಸಿನ್ ಅದರ ರೋಗಾಣುವನ್ನು ಗುರುತಿಸಿದ. 1896ರಲ್ಲಿ ಅದು ಮುಂಬಯಿಯ ಮಾಂಡವಿ ಬಂದರಿನ ದವಸದ ಉಗ್ರಾಣಗಳ ಸುತ್ತ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ರೈಲುಹಾದಿಯೇ ಅದರ ಹಾದಿಯಾಯಿತು. ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಇಲಿಗಳ ಮೈಮೇಲಿನ ಚಿಗಟ ರೋಗಾಣುವನ್ನು ಹೊರುತ್ತದೆ. ಇಲಿ ಸತ್ತು ಅದರ ಮೈ ತಣ್ಣಗಾದಾಗ ಚಿಗಟ ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ. ಆದುದರಿಂದಲೇ ಇಲಿ ಬೀಳುವುದು ಮೊದಲು, ಜ್ವರ ಬರುವುದು ಆಮೇಲೆ. ಜ್ವರದ ಜೊತೆಗೆ ತೊಡೆಸಂದಿಯಲ್ಲೋ ಕಂಕುಳಲ್ಲೋ ಗೆಡ್ಡೆ ಏಳುತ್ತಿತ್ತು. ಗೆಡ್ಡೆ ಎದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಚಿಗಟದ ಪಾತ್ರವನ್ನು ಪಾಲ್‌ಲೂಯಿ ಸಿಮಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ 1898ರಲ್ಲಿಯೇ. ಎಲ್ಲರೂ ಅದನ್ನು ಒಪ್ಪಲು ಇನ್ನೂ ಏಳೆಂಟು ವರ್ಷ ಹಿಡಿಯಿತು.

ಬೆಂಗಳೂರಿನ ಪೇಟೆ ಮತ್ತು ದಂಡು ಸೇರಿ 1891ರ ಜನಗಣತಿಯಲ್ಲಿ 1,80,366 ಜನರಿದ್ದರು. 1901ರಲ್ಲಿ ಎಣಿಕೆಗೆ ಸಿಕ್ಕವರು 1,59,046. ಕಡಿಮೆಯಾದ ಇಪ್ಪತ್ತೊಂದು ಸಾವಿರ ಮಂದಿಯೂ ಸತ್ತವರೆಂದು ತಿಳಿಯಬಾರದು. ಅವರಲ್ಲಿ ಸತ್ತವರೂ ಇದ್ದರು, ಹೆದರಿ ಹಳ್ಳಿಗೆ ಹೋದವರೂ ಇದ್ದರು. ಆ ಕಾಲದ ಸಂಕಟದ ತಿರುಳು ಆ ಬೆರಕೆಯಲ್ಲಿಯೇ ಇದೆ. ಊರಿಗೆ ಸಾವು ಮಾಡಿದಷ್ಟೇ ನಷ್ಟವನ್ನು ಚದುರುವಿಕೆಯೂ ಮಾಡಿತು.

ಪ್ಲೇಗು ಮುರಿದದ್ದು ಏನೆಂಬುದನ್ನು ತಿಳಿಯಬೇಕಾದರೆ ಸಾವಿನ ಮನೆಯಿಂದ ಶುರುಮಾಡಬೇಕು. ಕನ್ನಡ ನಾಡಿನ ಯಾವ ಜಾತಿಯಲ್ಲಿಯೂ ಸಾವು ಒಂದು ಮನೆಯ ಸಂಗತಿಯಲ್ಲ. ಸುದ್ದಿ ಮುಟ್ಟಿಸುವವರು ಒಬ್ಬರು, ಚಟ್ಟ ಕಟ್ಟುವವರು ಇನ್ನೊಬ್ಬರು, ತಮಟೆ ಬಡಿಯುವವರು ಮತ್ತೊಬ್ಬರು. ಹೊರಲು ನಾಲ್ಕು ಹೆಗಲು ಬೇಕು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ನೆರೆಮನೆಯಿಂದ ಅನ್ನ ಬರಬೇಕು. ಪ್ಲೇಗಿನಲ್ಲಿ ಇದೆಲ್ಲ ನಿಂತುಹೋಯಿತು. ಬೆಳಗ್ಗೆ ಹೊತ್ತವನನ್ನು ಸಂಜೆ ಹೊರಬೇಕಾಯಿತು ಎಂಬುದು ಆ ಕಾಲದ ಬಗ್ಗೆ ಹಿರಿಯರು ಹೇಳುತ್ತಿದ್ದ ಮಾತು. ಮುಟ್ಟಿದರೆ ತಗಲುತ್ತದೆ ಎಂಬ ಭಯ ಬಂದ ಮೇಲೆ ಅಣ್ಣನ ಹೆಣವನ್ನು ತಮ್ಮ ಮುಟ್ಟಲು ಹಿಂಜರಿದ. ಹಿಂಜರಿದವನೂ ಕೆಟ್ಟವನಲ್ಲ, ಅವನಿಗೂ ಮನೆಯಲ್ಲಿ ಮಕ್ಕಳಿದ್ದರು. ಅವನು ಬದುಕಿ ಉಳಿದಿದ್ದರೆ ಆ ಹಿಂಜರಿಕೆಯೂ ಅವನ ಜೊತೆಗೇ ಉಳಿಯಿತು.

ಸರ್ಕಾರದ ಕ್ರಮಗಳು ಈ ಬಿರುಕನ್ನು ಇನ್ನಷ್ಟು ಅಗಲ ಮಾಡಿದವು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಮನೆ ಹೊಕ್ಕು ರೋಗಿಗಳನ್ನು ಹುಡುಕುವ ಅಧಿಕಾರ ಕೊಟ್ಟಿತು. ರೋಗಿ ಆಸ್ಪತ್ರೆ ಷೆಡ್ಡಿಗೆ, ಮನೆಯವರು ಬೇರೆ ಕ್ಯಾಂಪಿಗೆ. ಸಾಮಾನು ಸುಡುವುದು, ಬಿಸಿಲು ಬೀಳಲೆಂದು ಹೆಂಚು ಕೀಳುವುದು, ಸುಣ್ಣ ಬಳಿಯುವುದು, ರೈಲು ನಿಲ್ದಾಣದಲ್ಲಿ ಮೈ ತಪಾಸಣೆ ಮಾಡುವುದು, ಪರಸ್ಥಳದಿಂದ ಬಂದವರು ಹತ್ತು ದಿನ ಹಾಜರಿ ಹಾಕಬೇಕಾದ ಪ್ಲೇಗು ಪಾಸ್‌ಪೋರ್ಟು ಕೊಡುವುದು, ಎಲ್ಲವೂ ನಡೆದವು. ಪುಣೆಯಲ್ಲಿ ಈ ಕ್ರಮಗಳ ಬಿರುಸು ಪ್ಲೇಗು ಅಧಿಕಾರಿ ರಾಂಡ್‌ನ ಹತ್ಯೆಯಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದಲ್ಲಿ ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರು, ಶೇಷಾದ್ರಿ ಅಯ್ಯರ್ ದಿವಾನರು. ಪ್ಲೇಗ್ ಕಮಿಷನರಾಗಿದ್ದವರು ವಿ.ಪಿ. ಮಾಧವರಾವ್. ಇಲ್ಲಿಯೂ ಪ್ರತಿಭಟನೆ ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಗಲಭೆಯೇ ಆಯಿತು. ಆ ಅಧಿಕಾರಿಗಳ ಉದ್ದೇಶವನ್ನು ಅನುಮಾನಿಸಬೇಕಾಗಿಲ್ಲ. ಆದರೆ ಹೆಂಡತಿಯನ್ನು ಷೆಡ್ಡಿಗೆ ಕಳಿಸಿ, ಆಕೆ ಸತ್ತ ಸುದ್ದಿಯನ್ನು ಮಾತ್ರ ಕೇಳಿದ ಗಂಡನಿಗೆ ಉದ್ದೇಶದ ಒಳ್ಳೆಯತನ ಎಷ್ಟು ಸಮಾಧಾನ ಕೊಟ್ಟೀತು?

ಜನ ಔಷಧಿಯನ್ನು ತಳ್ಳಿಹಾಕಿ ದೇವರಿಗೆ ಮೊರೆಹೋದರು ಎಂದು ಬರೆಯುವುದು ವಾಡಿಕೆ. ಹುಬ್ಬಳ್ಳಿಯ ಉದಾಹರಣೆ ಅದನ್ನು ಒಪ್ಪುವುದಿಲ್ಲ. ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಊರಿನವರು ಈ ಲಸಿಕೆಗೆ ತೋಳು ಕೊಟ್ಟ ನಿದರ್ಶನಗಳು ಆಗ ವಿರಳ. ಚುಚ್ಚುಮದ್ದು ಹಾಕಿಸಿಕೊಂಡದ್ದಕ್ಕಾಗಿ ಊರದೇವತೆ ದ್ಯಾಮವ್ವನಿಗೆ ಉಡಿ ತುಂಬುವುದನ್ನು ಅವರು ಬಿಡಬೇಕಾಗಿರಲಿಲ್ಲ. ಸಾವನ್ನು ತಡೆಯುವುದು ಒಂದು ಕೆಲಸ, ಸತ್ತ ಮೇಲೆ ಉಳಿದವರು ಹೇಗೆ ಬದುಕಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಲಸಿಕೆಯ ಸೀಸೆಯಲ್ಲಿ ಉತ್ತರವಿರಲಿಲ್ಲ.

ಮಾರಮ್ಮ ಪ್ಲೇಗಿಗಿಂತ ಬಹಳ ಹಳೆಯವಳು. ಸಿಡುಬಿನ ಗುಳ್ಳೆಗಳನ್ನು ಜನ ರೋಗವೆನ್ನದೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಂದವಳನ್ನು ಬೈಯುವಂತಿಲ್ಲ, ಓಡಿಸುವಂತಿಲ್ಲ. ಬೇವಿನ ಸೊಪ್ಪಿನ ಹಾಸಿಗೆ, ಮಜ್ಜಿಗೆ, ಮೊಸರನ್ನ, ತಂಬಿಟ್ಟು ಕೊಟ್ಟು ತಂಪು ಮಾಡಿ ಕಳಿಸಿಕೊಡಬೇಕು. ವಾಂತಿಭೇದಿ ಬಂದಾಗಲೂ ಆಕೆಯೇ. ಹೀಗೆ ಒಂದು ರೋಗದಿಂದ ಇನ್ನೊಂದಕ್ಕೆ ಹರಿದು ಬಂದವಳ ಬಾಗಿಲಿಗೆ 1898ರಲ್ಲಿ ಪ್ಲೇಗೂ ಸೇರಿತು. ಹೊಸ ರೋಗಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ. ಇಂಗ್ಲಿಷಿನ ಹೆಸರನ್ನೇ ಎತ್ತಿಕೊಂಡು ಅದಕ್ಕೆ ‘ಅಮ್ಮ’ ಸೇರಿಸಿದರು. ಇದನ್ನು ಅಜ್ಞಾನವೆಂದು ಕರೆದು ಮುಂದೆ ಹೋಗುವವರು ಒಂದನ್ನು ಗಮನಿಸಬೇಕು. ಹೆಸರಿಲ್ಲದ, ಮುಖವಿಲ್ಲದ ಸಾವಿನ ಜೊತೆ ಯಾರೂ ಮಾತಾಡಲಾರರು. ತಾಯಿಯೊಡನೆ ಜಗಳವಾಡಬಹುದು, ‘ಯಾಕೆ ಹೀಗೆ ಮಾಡಿದೆ’ ಎಂದು ಕೇಳಬಹುದು, ಹರಕೆ ಹೊತ್ತು ತೀರಿಸಬಹುದು, ಮುನಿಸು ಇಳಿದ ಮೇಲೆ ಮಡಿಲಲ್ಲಿ ತಲೆಯಿಡಬಹುದು. ಮಾರಮ್ಮನ ಗುಡಿಯಲ್ಲಿ ಮೈದುಂಬಿ ಬಂದವರ ಮಾತು ಇಂದಿಗೂ ಬಹುಮಟ್ಟಿಗೆ ಬೈಗುಳ ಮತ್ತು ಅಕ್ಕರೆಗಳ ಮಿಶ್ರಣವೇ ಆಗಿರುತ್ತದೆ.

ಮಾರಿಹಬ್ಬ ನಡೆಯುವ ಬಗೆಯನ್ನು ನೋಡಿದರೆ ಚದುರಿದ ಊರನ್ನು ಅದು ಹೇಗೆ ಹೊಲಿಯಿತೆಂಬುದು ತಿಳಿಯುತ್ತದೆ. ಮೊದಲು ಊರಿನವರು ಕೂಡಿ ದಿನ ಗೊತ್ತುಮಾಡುತ್ತಾರೆ. ತಮಟೆ ಬಡಿದು ಸಾರು ಹಾಕುತ್ತಾರೆ. ಸಾರು ಹಾಕಿದ ಮೇಲೆ ಹಬ್ಬ ಮುಗಿಯುವವರೆಗೆ ಯಾವ ಮನೆಯಲ್ಲಿಯೂ ಒಗ್ಗರಣೆ ಹಾಕಬಾರದು, ಊರಿನಲ್ಲಿ ಇದ್ದವರು ರಾತ್ರಿ ಹೊರಗೆ ಉಳಿಯಬಾರದು ಎಂಬಂಥ ಕಟ್ಟಳೆಗಳಿರುತ್ತವೆ. ಖರ್ಚಿಗೆ ಮನೆಗೆ ಇಷ್ಟೆಂದು ವರಿ ಹಾಕುತ್ತಾರೆ. ಹಬ್ಬದ ಸಂಜೆ ಪ್ರತಿ ಮನೆಯಿಂದಲೂ ಒಂದು ಆರತಿ ಬರಬೇಕು: ಅಕ್ಕಿಹಿಟ್ಟು ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ಮೇಲೆ ದೀಪ ಹಚ್ಚಿ, ಹೂ ಮುಡಿಸಿ, ಹೆಂಗಸರು ತಲೆಯ ಮೇಲೆ ಹೊತ್ತು ಸಾಲಾಗಿ ಗುಡಿಗೆ ನಡೆಯುತ್ತಾರೆ.

ಪ್ಲೇಗಿನ ಮರುವರ್ಷದ ಅಂಥ ಒಂದು ಸಾಲನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ವರಿ ಎತ್ತಲು ಹೊರಟವರು ಎಲ್ಲ ಮನೆಯ ಬಾಗಿಲನ್ನೂ ತಟ್ಟಲೇಬೇಕಾಗಿತ್ತು. ಸಾವಾದ ಮನೆಯನ್ನೂ, ಮಾತು ಬಿಟ್ಟವರ ಮನೆಯನ್ನೂ. ಆರತಿಯ ಸಾಲಿನಲ್ಲಿ ಯಾರ ಮನೆಯದು ಇಲ್ಲ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಸತ್ತವರ ಪಟ್ಟಿಯನ್ನು ಯಾರೂ ಬರೆದಿಟ್ಟುಕೊಳ್ಳದ ಹಳ್ಳಿಗಳಲ್ಲಿ ಉಳಿದವರ ಎಣಿಕೆ ಹೀಗೆ ದೀಪಗಳಲ್ಲಿ ಆಯಿತು. ಒಂಟಿಯಾಗಿ ಉಳಿದ ಮುದುಕಿಗೆ ಆರತಿ ಮಾಡಲು ಕೈಲಾಗದಿದ್ದರೆ ಪಕ್ಕದ ಮನೆಯ ಸೊಸೆ ಎರಡು ತಂಬಿಟ್ಟು ಕಟ್ಟಬೇಕಾಗುತ್ತಿತ್ತು. ಹಬ್ಬಕ್ಕೆ ಹೊರಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ನೆಂಟರು ಬರುತ್ತಾರೆ. ಪ್ಲೇಗಿನ ತಿಂಗಳುಗಳಲ್ಲಿ ಒಂದು ಊರಿನವರನ್ನು ಇನ್ನೊಂದು ಊರು ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನು ನೆನೆದರೆ, ಮಗಳು ಮತ್ತೆ ತವರಿನ ಹೊಸಿಲು ದಾಟಿ ಬಂದದ್ದರ ಬೆಲೆ ತಿಳಿದೀತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು, ಒಬ್ಬರ ಕೈಯ ಅನ್ನವನ್ನು ಮತ್ತೊಬ್ಬರು ಹೆದರದೆ ಮುಟ್ಟುವುದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ನಂಬಿಕೆ ಇಲ್ಲಿ ಮೊದಲು ಕೈಯಲ್ಲಿ ಹುಟ್ಟಿ ಆಮೇಲೆ ಮನಸ್ಸಿಗೆ ಬಂತೆಂದು ತೋರುತ್ತದೆ. ದೇವಿಯನ್ನು ನಂಬಿದ್ದರಿಂದ ಜನ ಕೂಡಿದರು ಎಂಬುದಕ್ಕಿಂತ, ಕೂಡಬೇಕಾಗಿ ಬಂದದ್ದರಿಂದ ಮತ್ತೆ ದೇವಿಯನ್ನೂ ಒಬ್ಬರನ್ನೊಬ್ಬರನ್ನೂ ನಂಬಲು ಸಾಧ್ಯವಾಯಿತು ಎಂಬುದು ನಿಜಕ್ಕೆ ಹತ್ತಿರ.

ಊರು ಬಿಟ್ಟ ನೆನಪು ಹಬ್ಬದ ರೂಪ ತಾಳಿದ್ದು ‘ಹೊರಬೀಡು’ ಎಂಬ ಆಚರಣೆಯಲ್ಲಿ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಮತ್ತು ಮಲೆನಾಡಿನ ಅಂಚಿನ ಹಲವು ಹಳ್ಳಿಗಳಲ್ಲಿ ಗೊತ್ತಾದ ಒಂದು ದಿನ ಬೆಳಗಾಗುವುದರೊಳಗೆ ಇಡೀ ಊರು ಖಾಲಿಯಾಗುತ್ತದೆ. ಹಸುಗೂಸು, ಹಾಸಿಗೆ ಹಿಡಿದವರು, ದನಕರು, ಕೋಳಿ, ನಾಯಿ ಯಾವುದನ್ನೂ ಒಳಗೆ ಬಿಡುವಂತಿಲ್ಲ. ಊರ ಬಾಗಿಲಿಗೆ ಮುಳ್ಳು ಹಾಕಿ ಕಾವಲು ಕೂರಿಸುತ್ತಾರೆ. ಊರೊಳಗೆ ಯಾವ ಒಲೆಯೂ ಹೊಗೆಯಾಡುವುದಿಲ್ಲ. ತೋಟ, ಹೊಲ, ಮರದ ನೆರಳುಗಳಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಂಡು, ಹೊತ್ತು ಇಳಿದ ಮೇಲೆ ಪೂಜೆ ಮುಗಿಸಿ ಎಲ್ಲರೂ ಒಟ್ಟಿಗೆ ಊರು ಹೊಗುತ್ತಾರೆ. ಪ್ಲೇಗು, ವಾಂತಿಭೇದಿ ಬಂದಾಗ ಹಿರಿಯರು ಊರು ಬಿಟ್ಟದ್ದರ ಗುರುತು ಇದೆಂದು ಹಳ್ಳಿಗರು ಹೇಳುತ್ತಾರೆ. ಆಚರಣೆಯ ಬೇರು ಇನ್ನೂ ಹಳೆಯದಿರಬಹುದು. ಪ್ಲೇಗು ಅದಕ್ಕೆ ಹೊಸ ಅರ್ಥ ತುಂಬಿತು ಎನ್ನುವುದು ಹೆಚ್ಚು ಸರಿ. ಭಯದಿಂದ ದಿಕ್ಕಾಪಾಲಾಗಿ ಓಡಿದ ಊರು ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ನಿಧಾನವಾಗಿ, ಮಕ್ಕಳ ಕೈ ಹಿಡಿದು, ಬುತ್ತಿ ಕಟ್ಟಿಕೊಂಡು ನಡೆಯುತ್ತದೆ. ಸಂಜೆಗೆ ಎಲ್ಲರೂ ಹಿಂದಿರುಗುತ್ತಾರೆ. ಪ್ಲೇಗಿನಲ್ಲಿ ಹೊರಟವರಿಗೆ ಆ ಭಾಗ್ಯ ಇರಲಿಲ್ಲ.

ಈ ಕೂಡುವಿಕೆಯಲ್ಲಿ ಎಲ್ಲರಿಗೂ ಒಂದೇ ಜಾಗವಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಮಾರಿಯನ್ನು ಬಂಡಿಯಲ್ಲಿಟ್ಟು ಗಡಿ ದಾಟಿಸುವುದು, ಕೋಣನ ಬಲಿಯ ರಕ್ತದಲ್ಲಿ ಕಲಸಿದ ಅನ್ನವನ್ನು ನಡುರಾತ್ರಿ ಊರ ಸುತ್ತ ಚರಗ ಚೆಲ್ಲುವುದು ಇವೆಲ್ಲ ದಲಿತರ ಪಾಲಿನ ಕೆಲಸಗಳು. ಊರಿನ ಅಪಾಯವನ್ನೆಲ್ಲ ಅವರೇ ಹೊತ್ತು ಹೊರಗೆ ಹಾಕಬೇಕಾಗಿತ್ತು. ಪಂಕ್ತಿಯ ಊಟದಲ್ಲಿ ಮಾತ್ರ ಅವರಿಗೆ ಜಾಗ ಹೊರಗೆ. ಮಾರಿಯ ಕಥೆಯನ್ನು ರಾತ್ರಿಯಿಡೀ ಹಾಡುವ ಅಸಾದಿಗಳು ಇಲ್ಲದೆ ಹಬ್ಬವೇ ಇಲ್ಲ, ಆದರೆ ಹಗಲು ಅವರಿಗೆ ಕೊಟ್ಟ ಮರ್ಯಾದೆ ಅದಕ್ಕೆ ತಕ್ಕದ್ದಾಗಿರಲಿಲ್ಲ. ಒಂದು ಊರು ಗಡಿ ದಾಟಿಸಿದ ಮಾರಿ ಪಕ್ಕದ ಊರಿನ ಎಲ್ಲೆಗೆ ಬಂದು ನಿಂತಾಗ ಆ ಊರಿನವರು ಅದನ್ನು ಮುಂದಿನ ಊರಿಗೆ ತಳ್ಳುತ್ತಿದ್ದರು. ಇದರಿಂದ ಊರೂರಿಗೆ ಜಗಳಗಳೂ ಹತ್ತುತ್ತಿದ್ದವು. ಊರನ್ನು ಹೊಲಿದ ದಾರವೇ ಕೆಲವರ ಕೈಗೆ ಕಟ್ಟಾಗಿತ್ತು.

ಬೇರೆ ಬಗೆಯ ನಂಬಿಕೆಯೂ ಅದೇ ಪ್ಲೇಗಿನಲ್ಲಿ ಹುಟ್ಟಿತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳ ಆರೈಕೆಯಲ್ಲಿ ತೊಡಗಿದ್ದಾಗಲೇ ಸೋಂಕು ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. 1899ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಗು ಹಬ್ಬಿದಾಗ ರಾಮಕೃಷ್ಣ ಮಿಷನ್ನಿನ ಸನ್ಯಾಸಿಗಳೂ ಸೋದರಿ ನಿವೇದಿತೆಯೂ ಬೀದಿ ಗುಡಿಸಲು ನಿಂತರು. ಇವರಿಗೆ ರೋಗಿಯೇ ದೇವರು. ಪ್ಲೇಗಿನ ಹರಕೆ ಊರ ಆಚರಣೆಯಾಗಿ ಉಳಿದ ಹಳೆಯ ಉದಾಹರಣೆಗಳು ಯುರೋಪಿನಲ್ಲಿಯೂ ಇವೆ: ಬವೇರಿಯದ ಓಬರಾಮರ್ಗೌ ಎಂಬ ಹಳ್ಳಿಯಲ್ಲಿ 1633ರ ಪ್ಲೇಗಿನಲ್ಲಿ ಹೊತ್ತ ಹರಕೆಯಂತೆ ಯೇಸುವಿನ ಕೊನೆಯ ದಿನಗಳ ನಾಟಕವನ್ನು ಊರಿನವರೇ ಕೂಡಿ ಈಗಲೂ ಆಡುತ್ತಾರೆ, ವೆನಿಸ್ಸಿನಲ್ಲಿ ಪ್ಲೇಗು ಅಡಗಿದ್ದಕ್ಕೆ ಕಟ್ಟಿದ ರೆದೆಂತೋರೆ ಚರ್ಚಿನ ಹಬ್ಬ ಪ್ರತಿ ಜುಲೈನಲ್ಲಿ ನಡೆಯುತ್ತದೆ.

ಬೆಂಗಳೂರಿನಲ್ಲಿ ಪ್ಲೇಗು ಗುಡಿಯನ್ನಷ್ಟೇ ಅಲ್ಲ, ಬಡಾವಣೆಗಳನ್ನೂ ಬೆಳೆಸಿತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ಮೊದಲೇ ಇದ್ದರೂ ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟಿನಿಂದ ಜನ ಎದ್ದು ಅಲ್ಲಿಗೆ ಹೋದದ್ದು ಪ್ಲೇಗಿನ ಭಯದಿಂದ. ದಂಡಿನ ಕಡೆ ಇಲಿ ಹೊಗದಂಥ ಮನೆಗಳ ಮಾದರಿಯಲ್ಲಿ ಫ್ರೇಜರ್ ಟೌನ್ 1910ರ ಹೊತ್ತಿಗೆ ಎದ್ದಿತು. ಅಗಲ ಬೀದಿ, ಹಿತ್ತಿಲ ಓಣಿ, ಗಾಳಿ ಬೆಳಕು ಇವೆಲ್ಲ ಆರೋಗ್ಯ ಇಲಾಖೆಯ ಲೆಕ್ಕಾಚಾರ. ಹೆಸರುಗಳು ಮಾತ್ರ ಹಳೆಯ ದೇವರುಗಳವು: ಒಂದು ಬಡಾವಣೆ ದೊಡ್ಡ ಬಸವಣ್ಣನದು, ಇನ್ನೊಂದು ಕಾಡು ಮಲ್ಲೇಶ್ವರನದು. ಬೇರೆ ಬೇರೆ ಪೇಟೆಗಳಿಂದ ಬಂದ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ಮನೆಗಳಿಗೆ ಪರಿಚಯವಾಗುವ ಜಾಗ ಆ ದೇವರುಗಳ ಗುಡಿಯ ಜಗುಲಿಯೇ ಆಯಿತು. ತ್ಯಾಗರಾಜನಗರದ ಪ್ಲೇಗ್ ಮಾರಿಯಮ್ಮನ ಗುಡಿಗೆ ಇಂದು ಹೋಗುವವರು ಮಗುವಿಗೆ ಜ್ವರ, ಮಗಳಿಗೆ ಮದುವೆ ಎಂದು ಬೇಡುತ್ತಾರೆ. ಹೆಸರಿನ ಅರ್ಥ ಅವರಿಗೆ ಮುಖ್ಯವಾಗಿ ಉಳಿದಿಲ್ಲ. ಕೊಯಮತ್ತೂರಿನಲ್ಲಿಯೂ ಅದೇ ಹೆಸರಿನ ಮಾರಿಯಮ್ಮನಿದ್ದಾಳೆ.

ಕನ್ನಡ ಕಾದಂಬರಿ ಈ ಸಂಕಟವನ್ನು ಎರಡು ಬಗೆಯಲ್ಲಿ ನೋಡಿತು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣವನ್ನು ಅಗ್ರಹಾರ ಮುಟ್ಟುವುದಿಲ್ಲ. ಶಾಸ್ತ್ರದಲ್ಲಿ ಉತ್ತರ ಸಿಗದೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಕಾಯುತ್ತಿರುವಾಗ, ನಾರಣಪ್ಪನ ಸಂಗಾತಿ, ಊರಿಗೆ ಸೇರದ ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿ ದಹನ ಮಾಡಿಸುತ್ತಾಳೆ. ಹೆಗಲು ಕೊಡಬೇಕಾದವರು ಕೊಡದಿದ್ದಾಗ ಧರ್ಮ ಎಲ್ಲಿಂದ ಬಂತೆಂಬುದನ್ನು ಆ ಒಂದು ಘಟನೆ ಹೇಳುತ್ತದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಪ್ಲೇಗನ್ನು ಒಳಗಿನಿಂದ ಬಲ್ಲ ಕೃತಿ. ಲೇಖಕರ ಬಾಲ್ಯದಲ್ಲಿಯೇ ಅವರ ಮನೆಗೆ ಪ್ಲೇಗು ಹೊಕ್ಕಿತ್ತು; ಅದನ್ನು ಆತ್ಮಕಥೆ ‘ಭಿತ್ತಿ’ಯಲ್ಲಿ ಅವರು ದಾಖಲಿಸಿದ್ದಾರೆ. ಕಾದಂಬರಿಯ ನಂಜಮ್ಮ ಒಂದೇ ಮಾರಿಗೆ ಇಬ್ಬರು ಮಕ್ಕಳನ್ನು ಒಪ್ಪಿಸುತ್ತಾಳೆ. ಅವಳ ಪಾಲಿಗೆ ಊರೆಂದರೆ ಉಳಿಯುವುದು ಭಿಕ್ಷೆ ಎತ್ತಿ ಬದುಕುವ ಮಹಾದೇವಯ್ಯನವರು. ಜಾತಿಯಲ್ಲಿ ಬೇರೆ, ಬಂಧುವಲ್ಲ. ಕೊನೆಗೆ ಉಳಿದ ಮಗು ವಿಶ್ವನ ಕೈ ಹಿಡಿಯುವವರೂ ಅವರೇ. ಕಾದಂಬರಿಯಲ್ಲಿ ದೇವರ ಬಗ್ಗೆ ದೊಡ್ಡ ಮಾತುಗಳಿಲ್ಲ, ಆದರೆ ಶ್ರದ್ಧೆ ಎಂಬ ಪದಕ್ಕೆ ಅಂಥ ಇನ್ನೊಂದು ಚಿತ್ರ ಕನ್ನಡದಲ್ಲಿ ಸಿಗುವುದು ಕಷ್ಟ.

ಭಾರತದಲ್ಲಿ ಪ್ಲೇಗು ಮೂರು ನಾಲ್ಕು ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1940ರ ದಶಕದ ನಂತರ ಡಿಡಿಟಿ, ಸ್ಟ್ರೆಪ್ಟೊಮೈಸಿನ್‌ಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಕರ್ನಾಟಕದಲ್ಲಿ ಮನುಷ್ಯರಿಗೆ ತಗಲಿದ ಕೊನೆಯ ಪ್ರಕರಣಗಳು 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವು. ಆ ಸೀಮೆಯ ಕಾಡಿಲಿಗಳ ಮೇಲೆ ಕಣ್ಣಿಡಲು ಬೆಂಗಳೂರಿನಲ್ಲಿ ಪ್ಲೇಗು ಕಣ್ಗಾವಲು ಘಟಕ ಉಳಿದುಬಂತು. 2020ರಲ್ಲಿ ಕೊರೊನಾ ಬಂದಾಗ ಜಾತ್ರೆಗಳು ನಿಂತವು, ಗುಡಿಗಳ ಬಾಗಿಲು ಮುಚ್ಚಿದವು, ಬೆಂಗಳೂರಿನ ಕರಗ ಉತ್ಸವ ಗುಡಿಯೊಳಗೇ ಕೆಲವೇ ಜನರ ನಡುವೆ ಮುಗಿಯಿತು. ಹೆಗಲು ಕೊಡುವವರಿಲ್ಲದ ಹೆಣಗಳು ಮತ್ತೆ ಕಂಡವು. ಜಾತಿ ಮತ ನೋಡದೆ ಅವನ್ನು ಹೊತ್ತ ಸ್ವಯಂಸೇವಕರೂ ಕಂಡರು. ಕೆಲವು ಹಳ್ಳಿಗಳು ಹೊರಬೀಡು ನಡೆಸಿದವು. 2021ರ ಮೇ ತಿಂಗಳಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಮೂರ್ತಿಯೊಂದನ್ನು ಇಟ್ಟು ಪೂಜೆ ಶುರುಮಾಡಿದರು. ನೂರಿಪ್ಪತ್ತಮೂರು ವರ್ಷದ ಹಿಂದೆ ಪ್ಲೇಗಮ್ಮನಿಗೆ ಹೆಸರಿಟ್ಟ ಬಗೆಯಲ್ಲಿಯೇ ಪರದೇಶದ ರೋಗದ ಹೆಸರಿನ ಪಕ್ಕದಲ್ಲಿ ಊರಿನ ತಾಯಿಯ ಹೆಸರು ಬಂದು ಕೂತಿತು.